ಸೋರಿದ್ದು ಯಾರ ವಾಲ್?

ಮೊದಲೇ ಹೇಳಿಬಿಡುತ್ತೇನೆ, ಇಂಗ್ಲಿಷಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಗುಡಗೇರಿ ಹತ್ತಿರದ ನಮ್ಮೂರ ಹೈಸ್ಕೂಲಿನಲ್ಲಿ ಆ ಭಾಷೆಯನ್ನು ಇಪ್ಪತ್ತೆರಡು ವರ್ಷಗಳಿಂದ ನಾನೇ ಕಲಿಸುತ್ತಿದ್ದೇನೆ. ಹೀಗಾಗಿ ಹುಬ್ಬಳ್ಳಿಯ ಡಾಕ್ಟರು ನನ್ನ ಎದೆಗೆ ತಣ್ಣನೆಯ ಅಂಟು ಸವರಿ, ಯಂತ್ರದಲ್ಲಿ ಹೃದಯವನ್ನು ನೋಡಿ, ಏನೂ ಇಲ್ಲ, ಆರಾಮ ಹೋಗ್ರಿ ಎಂದಾಗ ನಾನು ಸುಮ್ಮನೆ ನಕ್ಕೆ. ಬಾಯಿಮಾತು ಯಾರಿಗೆ ಬೇಕು? ರಿಪೋರ್ಟನ್ನು ನಾನೇ ಓದಿಕೊಳ್ಳಬಲ್ಲೆ.

ಓದಿದೆ, ಬಸ್ಸಿನಲ್ಲೇ. ಎರಡು ಪುಟದ ತುಂಬ 'ನಾರ್ಮಲ್' ಎಂದೇ ಇತ್ತು. ಅವನ್ನೆಲ್ಲ ಬಿಟ್ಟೆ. ಕೊನೆಯಲ್ಲಿ ಒಂದು ಸಾಲು ಸಿಕ್ಕಿತು: 'ಟ್ರಿವಿಯಲ್ ಟಿ.ಆರ್.'

ಟಿ.ಆರ್. ಏನೆಂಬುದನ್ನು ಮೊಬೈಲು ಹೇಳಿತು. ಹೃದಯದ ಬಲಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಮೂರು ಎಸಳಿನ ಒಂದು ವಾಲ್ ಇರುತ್ತದೆ. ರಕ್ತ ಕೆಳಗಿಳಿದ ಮೇಲೆ ಅದು ಮುಚ್ಚಿಕೊಳ್ಳಬೇಕು. ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರಿದರೆ ಅದೇ ಟಿ.ಆರ್. ಇನ್ನು 'ಟ್ರಿವಿಯಲ್'. ಬಜಾರದ ಇಂಗ್ಲಿಷಿನಲ್ಲಿ ಅದಕ್ಕೆ ಕ್ಷುಲ್ಲಕ ಎಂದು ಅರ್ಥ, ನನ್ನ ಒಂಬತ್ತನೇ ತರಗತಿಯವರಿಗೂ ಗೊತ್ತು. ಆದರೆ ಓದಿದ ಡಾಕ್ಟರೊಬ್ಬರು ಮನುಷ್ಯನ ಹೃದಯದ ಬಗ್ಗೆ ಕ್ಷುಲ್ಲಕ ಎಂದು ಬರೆಯುತ್ತಾರೆಯೇ? ನಾನು ಪಂಡಿತನಂತೆ ಶಬ್ದವನ್ನು ಒಡೆದು ನೋಡಿದೆ. ಟ್ರಿ ಎಂದರೆ ಮೂರು. ಮೂರೂ ಎಸಳು ಹೋಗಿವೆ!

ಮನೆಯಲ್ಲಿ ಹೆಂಡತಿ ಶಕುಂತಲಾ ಜೋಳ ಹಸನು ಮಾಡುತ್ತ ಕೂತಿದ್ದಳು. ಡಾಕ್ಟರು ಏನೆಂದರು ಎಂದು ಕೇಳಿದಳು. ಏನೂ ಇಲ್ಲ ಅಂದರು ಎಂದೆ, ಆದಷ್ಟು ಭಾರವಾದ ಧ್ವನಿಯಲ್ಲಿ.

"ಹಂಗಾರ ಏನೂ ಇಲ್ಲ" ಎಂದು ಒಂದು ಹರಳು ಆರಿಸಿ ಒಗೆದಳು. "ಹೋದ ವರ್ಷ ಕಿಡ್ನಿ ಒಳಗ ಏನೋ ಚುಚ್ಚತದ ಅಂದಿದ್ರಿ. ಹೊಸಾ ಅಂಗಿಯೊಳಗಿನ ಟಾಚಣಿ ಪಿನ್ನು ಇತ್ತು."

ಸಾಯುವವನೊಂದಿಗೆ ಆಡುವ ಮಾತೇ ಇದು? ಮೊಬೈಲು ಹಿಡಿದು ಹಿತ್ತಲಿಗೆ ಹೋಗಿ ಅಳ್ನಾವರದ ಭಾವನಿಗೆ, ಅಂದರೆ ಶಕುಂತಲಾಳ ಅಣ್ಣನಿಗೆ, ಫೋನು ಮಾಡಿದೆ. ವಾಲ್ ಸೋರುತ್ತಿದೆ, ಮುಂದಕ್ಕೆ ಹೋಗಬೇಕಾದದ್ದು ಹಿಂದಕ್ಕೆ ಬರುತ್ತಿದೆ, ಯಾವಾಗ ನಿಲ್ಲುತ್ತದೋ ಹೇಳಲಾಗದು ಎಂದು ಗುಟ್ಟಾಗಿ ತಿಳಿಸಿದೆ. ನನ್ನ ಗುಟ್ಟು ಕೊನೆಯ ಬೆಂಚಿನವರೆಗೆ ಕೇಳಿಸುತ್ತದೆ. ಅದು ವೃತ್ತಿದೋಷ.

ಫೋನು ಇಟ್ಟಾಗ ಗೋಡೆಯ ಮೇಲೆ ಬಾಜು ಮನೆಯ ನಿಂಗವ್ವನ ಮುಖ ಮೂಡಿತ್ತು.

"ಖರೇನ್ರಿ ಸರ, ವಾಲ್ ಸೋರಾಕತ್ತೈತೇನು?"

ಕಣ್ಣಲ್ಲಿ ಅದೆಂಥ ಕಳವಳ! ಈ ಓಣಿಯಲ್ಲಿ ನನಗಾಗಿ ಮರುಗುವ ಒಂದು ಜೀವವಾದರೂ ಇದೆಯಲ್ಲ ಎಂದುಕೊಂಡು ಗೋಡೆಯ ಹತ್ತಿರ ಸರಿದೆ. "ಖರೇರಿ ನಿಂಗವ್ವ. ಇನ್ನ ಭಾಳ ದಿನ ನಡಿಯೂದಿಲ್ಲ" ಎಂದೆ.

ಆಕೆ ಸೆರಗು ಸುತ್ತಿಕೊಂಡು ಓಡಿದಳು. ಅಳಲು ಹೋದಳೆಂದು ತಿಳಿದೆ.

ಅರ್ಧ ತಾಸಿನಲ್ಲಿ ಓಣಿಯ ಹೆಂಗಸರೆಲ್ಲ ಗುಂಪಾಗಿ ಬರುವುದು ಕಿಟಕಿಯಿಂದ ಕಾಣಿಸಿತು. ಕೊನೆಯ ಸಲ ನೋಡಿ ಹೋಗಲು ಬರುತ್ತಿದ್ದಾರೆ! ಅವಸರದಿಂದ ತಲೆ ಬಾಚಿಕೊಂಡು ಮಂಚದ ಮೇಲೆ ಅಡ್ಡಾಗಿ, ಮುಖದ ಮೇಲೆ ಶಾಂತಿಯನ್ನು ತಂದುಕೊಂಡೆ. ಗುಂಪು ನಮ್ಮ ಬಾಗಿಲು ದಾಟಿ ಮುಂದೆ ಹೋಯಿತು. ಎಲ್ಲರ ಕೈಯಲ್ಲೂ ಖಾಲಿ ಕೊಡ ಇತ್ತು. ಸಾವಿನ ಮನೆಗೆ ಕೊಡ ಯಾಕೆ ಎಂಬ ಪ್ರಶ್ನೆ ನನಗೆ ತಡವಾಗಿ ಹೊಳೆಯಿತು.

ಉತ್ತರ ಹೊತ್ತು ತಂದವನು ಫಕೀರಪ್ಪ. ನಮ್ಮೂರಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಓಣಿ ಓಣಿಯ ವಾಲ್ ತಿರುವಿ ಆ ನೀರು ಬಿಡುವ ನೀರಗಂಟಿ ಇವನೇ. ಹೆಗಲ ಮೇಲೆ ಎದೆಯುದ್ದದ ಕಬ್ಬಿಣದ ಚಾವಿ.

"ಸರ, ನಾ ನಿಮಗೇನ ಮಾಡೇನ್ರಿ? ನನ್ನ ವಾಲ್ ಸೋರಿ ನೀರ ಹಿಂದಕ್ಕ ಹೊಂಟೈತಿ ಅಂತ ನೀವ ಹೇಳೀರಂತ. ಸಂಜೀಕ ಪಂಚಾಯ್ತಿಯೊಳಗ ಮೀಟಿಂಗ್ ಐತಿ. ಹೆಣ್ಮಕ್ಕಳು ನನ್ನ ತಗದ ಹಾಕ್ರಿ ಅಂತ ಕುಂತಾರ." ಅವನು ಹೆಗಲ ಮೇಲಿನ ಚಾವಿಯನ್ನು ಬಿಗಿಯಾಗಿ ಹಿಡಿದುಕೊಂಡ. "ಹದಿನಾಕ ವರ್ಷ ಆತ್ರಿ. ಈ ಕೆಲಸ ಬಿಟ್ರ ನನಗ ಬ್ಯಾರೆ ಬರಂಗಿಲ್ಲ."

"ಫಕೀರಪ್ಪ, ಅದು ನಿನ್ನ ವಾಲ್ ಅಲ್ಲೋ. ನಂದು" ಎಂದೆ.

ಅವನು ನಮ್ಮ ನಳದ ಕಡೆ ತಿರುಗಿ ನೋಡಿದ. "ಮನಿಯೊಳಗ ಖಾಸಗಿ ವಾಲ್ ಹಾಕ್ಸೀರೇನು? ಅದಕ್ಕ ದಂಡ ಐತ್ರಿ."

ಎದೆ ಮುಟ್ಟಿ ತೋರಿಸಿದೆ. ಆದರೂ ತಿಳಿಯಲಿಲ್ಲ. ಕೊನೆಗೆ ರಿಪೋರ್ಟಿನ ಹಿಂದೆ ಹೃದಯವನ್ನು ಬರೆದೆ. ನಾಲ್ಕು ಕೋಣೆ, ನಾಲ್ಕು ವಾಲ್. ಮೈಯೆಲ್ಲ ತಿರುಗಿ ಬಂದ ಹೊಲಸು ರಕ್ತ ಬಲಗಡೆ ಮೇಲಿನ ಕೋಣೆಗೆ ಬರುತ್ತದೆ, ಅಲ್ಲಿಂದ ಕೆಳಗಿಳಿದು ಪುಪ್ಪುಸಕ್ಕೆ ಹೋಗಿ ಶುದ್ಧವಾಗುತ್ತದೆ, ಎಡಗಡೆಯ ಮೇಲಿನ ಕೋಣೆಗೆ ಮರಳಿ, ಕೆಳಗಿನ ಕೋಣೆಗಿಳಿದು, ದೊಡ್ಡ ಪೈಪು ಹಿಡಿದು ಮತ್ತೆ ಮೈಗೆ ಹೋಗುತ್ತದೆ. ಫಕೀರಪ್ಪ ಚಾವಿ ಕೆಳಗಿಟ್ಟು, ಊರ ನಕಾಶೆಯಂತೆ ಅದರ ಮೇಲೆ ಬೆರಳಾಡಿಸಿದ. ಇಪ್ಪತ್ತೆರಡು ವರ್ಷ ಪಾಠ ಹೇಳಿದರೂ ಇಷ್ಟು ಬೇಗ ತಿಳಿದುಕೊಳ್ಳುವ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ.

"ಇವನ್ನ ತಿರುವಾಕ ಯಾರ ಬರತಾರ್ರಿ?"

ಯಾರೂ ಇಲ್ಲ, ರಕ್ತದ ಒತ್ತಡಕ್ಕೆ ತಾವೇ ತೆರೆದು ತಾವೇ ಮುಚ್ಚುತ್ತವೆ ಎಂದೆ. ಅವನಿಗೆ ಇದು ಅಷ್ಟು ಹಿಡಿಸಲಿಲ್ಲ.

"ಎಷ್ಟ ದಿನಕ್ಕೊಮ್ಮೆ ಬಿಡತಾರು?"

"ದಿನಾ ಏನ ಬಂತೋ, ಹಗಲೂ ರಾತ್ರಿ ಹರೀತನ ಇರತದ."

ಫಕೀರಪ್ಪ ನನ್ನನ್ನೇ ದಿಟ್ಟಿಸಿದ. "ಹಗಲೂ ರಾತ್ರಿ ಬರೂ ಲೈನಿನ್ಯಾಗ ಒಂದ ಹನಿ ಹಿಂದಕ್ಕ ಸೋರಿದ್ರ ಯಾರರ ಅಳತಾರೇನ್ರಿ, ಸರ?"

ಹುಬ್ಬಳ್ಳಿಯ ಡಾಕ್ಟರೂ ಇದನ್ನೇ ಹೇಳಿದ್ದರು. ಆದರೆ ಅವರ ಹೆಗಲ ಮೇಲೆ ಚಾವಿ ಇರಲಿಲ್ಲ. ನನ್ನ ಎದೆ ಆ ಕ್ಷಣವೇ ಹಗುರಾಯಿತು. ಭಾರವೆಲ್ಲ ಫಕೀರಪ್ಪನ ಮುಖದಲ್ಲಿ ಉಳಿದಿತ್ತು.

ಸಂಜೆ ಪಂಚಾಯ್ತಿಯಲ್ಲಿ, ಕೊಡಗಳ ಸಮ್ಮುಖದಲ್ಲಿ, ಸ್ಪಷ್ಟೀಕರಣ ಓದಿದೆ: "ಸೋರುತ್ತಿರುವ ವಾಲ್ ಸಾರ್ವಜನಿಕ ಸ್ವತ್ತಾಗಿರದೆ, ಅರ್ಜಿದಾರನ ಹೃದಯದ ಬಲಭಾಗದ ಖಾಸಗಿ ಅಂಗವಾಗಿದ್ದು, ಸದರಿ ಸೋರಿಕೆಗೂ ನೀರಗಂಟಿ ಫಕೀರಪ್ಪನಿಗೂ ಯಾವುದೇ ಸಂಬಂಧ ಇರುವುದಿಲ್ಲ." ಅಧ್ಯಕ್ಷರು ದೂರನ್ನು ವಜಾ ಮಾಡಿದರು. ಫಕೀರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

ನಾನು ಇನ್ನೂ ನಿಂತೇ ಇದ್ದೆ. ಇನ್ನು ಯಾರಾದರೂ ನನ್ನ ಹೃದಯದ ಬಗ್ಗೆ ಕೇಳಬೇಕಲ್ಲ! ಕೇಳಿದಳು, ನಿಂಗವ್ವನೇ ಎದ್ದು ನಿಂತು ಕೇಳಿದಳು.

"ಸಿಟ್ಟಾಗಬ್ಯಾಡ್ರಿ ಸರ. ನಿಮಗ ಹೆಚ್ಚುಕಡಿಮಿ ಆತಂದ್ರ ಶಕುಂತಲಾ ಬಾಯಾರು ಅಳ್ನಾವರಕ್ಕ ಅಣ್ಣನ ಮನಿಗೆ ಹೋಗತಾರು. ನಿಮ್ಮ ಪಾಲಿನ ನೀರು ನಮ್ಮ ನಳಕ್ಕ ಬರತೈತೇನು?"

ಸಭೆ ಒಮ್ಮೆಲೆ ಗಂಭೀರವಾಯಿತು. ಅದು ತಮಗೆ ಬರಬೇಕೆಂದು ಎದುರು ಮನೆಯವರು ವಾದಿಸಿದರು. ಎರಡೂ ಮನೆಗೆ ಹಂಚಲು ಸಾಧ್ಯವಿದೆ ಎಂದು ಫಕೀರಪ್ಪ ತಾಂತ್ರಿಕ ಅಭಿಪ್ರಾಯ ಕೊಟ್ಟ. ಬಾಗಿಲಿಗೆ ಬರುವ ನೀರು ಬಿಟ್ಟು ತಾನು ಅಣ್ಣನ ಮನೆಗೆ ಹೋಗುವುದೇ ಇಲ್ಲ ಎಂದು ಹೆಂಗಸರ ನಡುವೆ ಇದ್ದ ಶಕುಂತಲಾ ನಿಂತಲ್ಲಿಂದಲೇ ಸಾರಿದಳು. ಒಂದು ತಾಸಿನ ಚರ್ಚೆಯ ನಂತರ, ನಾನು ಸದ್ಯ ಬದುಕಿರುವ ಒಂದೇ ಕಾರಣದಿಂದ ವಿಷಯವನ್ನು ಮುಂದೂಡಲಾಯಿತು.

ಖಾಲಿ ಕೊಡಗಳೆಲ್ಲ ನನ್ನ ಕಡೆ ತಿರುಗಿ ನೋಡಿದವು. ನಾನು ಸಭೆಯ ಕ್ಷಮೆ ಕೇಳಿದೆ.