ಪೆನ್ನು ಮುಟ್ಟದ ಬೆಂಚು

ಎಲ್ಲಕ್ಕೂ ಮೂಲ ಶನಿವಾರದ ಭಾಷಣ.

ಹತ್ತನೇ ಕ್ಲಾಸಿನ ಪ್ರತಿಯೊಬ್ಬರೂ ಸರದಿಯಂತೆ ಒಂದೊಂದು ಶನಿವಾರ ಮೈದಾನದ ನಡುವಿನ ಬಾವುಟದ ಕಟ್ಟೆ ಹತ್ತಿ, ಇಡೀ ಶಾಲೆಯ ಎದುರು ಐದು ನಿಮಿಷ ಮಾತಾಡಬೇಕೆಂಬುದು ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಯ್ಯನವರ ಕಟ್ಟಪ್ಪಣೆ. ಗುರುಶಾಂತಮ್ಮನಿಗೆ ಹೆಸರು ಇದ್ದಷ್ಟು ಉದ್ದ ದನಿ ಇರಲಿಲ್ಲ. ಹಾಜರಿ ಕೂಗಿದಾಗ ಅವಳು ಹೇಳುವ ‘ಎಸ್ ಸಾರ್’ ಮೇಷ್ಟ್ರಿರಲಿ, ಪಕ್ಕದಲ್ಲಿ ಕೂತ ಮಹಮೂದಾಳಿಗೂ ಕೇಳಿಸುತ್ತಿರಲಿಲ್ಲ. ಮಹಮೂದಾ ಟೈಲರ್ ಅಕ್ಬರ್ ಪಾಷಾರ ಮಗಳು. ಅಪ್ಪನ ಹೊಲಿಗೆ ಮಿಷನ್ನಿನ ಹಾಗೆ ನಿಲ್ಲದೆ ಮಾತಾಡುವವಳು. ಗೆಳತಿಯ ಪಾಲಿನ ‘ಎಸ್ ಸಾರ್’ ಕೂಡ ಅವಳೇ ಹೇಳಿಬಿಡುತ್ತಿದ್ದಳು. ಆದರೆ ಭಾಷಣವನ್ನು ಹಾಗೆ ಬದಲಿಗೆ ಹೇಳಲು ಬರುವುದಿಲ್ಲವಲ್ಲ! ಕಟ್ಟೆಯನ್ನು ನೆನೆದರೇ ಗುರುಶಾಂತಮ್ಮ ತನ್ನ ಸರದಿಗೆ ಇನ್ನೆಷ್ಟು ಶನಿವಾರ ಉಳಿದಿವೆಯೆಂದು ಬೆರಳೆಣಿಸತೊಡಗುತ್ತಿದ್ದಳು.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಮೈಸೂರಿನಲ್ಲಿ ಯಾವುದೋ ತರಬೇತಿ ಮುಗಿಸಿ ಬಂದ ಹೆಡ್‌ಮಾಸ್ಟರು ಶಾಲೆಯಲ್ಲಿ ‘ಬರವಣಿಗೆ ಕೇಂದ್ರ’ ತೆರೆದರು. ದೊಡ್ಡ ಕ್ಲಾಸಿನವರು ಚಿಕ್ಕ ಕ್ಲಾಸಿನವರಿಗೆ ಪ್ರಬಂಧ, ಪತ್ರ ಬರೆಯುವುದಕ್ಕೆ ನೆರವಾಗಬೇಕು. ಹಾಗೆ ಕೂರುವವರಿಗೆ ಶನಿವಾರದ ಭಾಷಣ ಮಾಫಿ. ಈ ಕೊನೆಯ ಮಾತು ಕಿವಿಗೆ ಬಿದ್ದದ್ದೇ ಗುರುಶಾಂತಮ್ಮ ಜೀವಮಾನದಲ್ಲೇ ಮೊದಲ ಸಲ ತಾನಾಗಿ ಕೈ ಎತ್ತಿದಳು. ಗೆಳತಿ ಎತ್ತಿದಳೆಂದು ಮಹಮೂದಾಳೂ ಎತ್ತಿದಳು.

ಕೇಂದ್ರ ಅಂದರೆ ಕಾಂಪೌಂಡಿನ ಮೂಲೆಯಲ್ಲಿದ್ದ ಶಾಲೆ ಬರುವ ಮೊದಲು ಕೊಬ್ಬರಿ ಪೇರಿಸಿಡುತ್ತಿದ್ದ ಒಂದು ಹಳೇ ಕೊಬ್ಬರಿ ಕೋಣೆ. ಕತ್ತಲು, ತಣ್ಣಗಿನ ನೆಲ, ಎರಡು ಬೆಂಚು. ಯಾರ ಕಣ್ಣಿಗೂ ಬೀಳದ ಆ ಜಾಗ ಗುರುಶಾಂತಮ್ಮನಿಗೆ ಸ್ವರ್ಗವಾಗಿ ಕಂಡಿತು.

“ಬರೆಯೋರೇ ಬರೀಬೇಕು. ನೀವು ಬರೆದುಕೊಟ್ರೆ ಅದು ಕಳ್ಳತನ. ಪೆನ್ನು ಮುಟ್ಟಕೂಡದು! ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು ಕೂತ್ಕೊಂಡು ಮೂರೇ ಪ್ರಶ್ನೆ ಕೇಳಿ. ಯಾರಿಗೆ ಹೇಳ್ತಿದೀಯ? ಏನು ಹೇಳ್ಬೇಕು? ಅವರು ಯಾಕೆ ಕೇಳ್ಬೇಕು? ಉತ್ತರ ಸರಿ ಬರೋವರೆಗೂ ಇವನ್ನೇ ತಿರುಗಿಸಿ ತಿರುಗಿಸಿ ಕೇಳಿ. ಅಷ್ಟೇ!” ಎಂದಿದ್ದರು ಹೆಡ್‌ಮಾಸ್ಟರು.

ಗುರುಶಾಂತಮ್ಮ ಆ ಮೂರನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಳು. ಕಷ್ಟವೇನೆಂದರೆ, ಅವಳ ಬೆಂಚಿಗೆ ಯಾರೂ ಬರುತ್ತಿರಲಿಲ್ಲ. ಎಲ್ಲರೂ ಮಹಮೂದಾಳ ಬೆಂಚಿಗೇ ಮುತ್ತುತ್ತಿದ್ದರು. ಮಹಮೂದಾ ಪೆನ್ನನ್ನೇನೋ ಮುಟ್ಟುತ್ತಿರಲಿಲ್ಲ, ಕೈಗಳು ತೊಡೆಯ ಕೆಳಗೇ ಇರುತ್ತಿದ್ದವು. ಆದರೆ ಪ್ರಬಂಧವನ್ನು ಮೊದಲಿನಿಂದ ಕೊನೆಯವರೆಗೆ ಬಾಯಲ್ಲೇ ಹೇಳಿ ಬರೆಸುತ್ತಿದ್ದಳು.

“ಅದು ತಪ್ಪಲ್ವೇನೇ?” ಎಂದು ಗುರುಶಾಂತಮ್ಮ ಒಮ್ಮೆ ಪಿಸುಗುಟ್ಟಿದ್ದಳು.

“ಪೆನ್ನು ಮುಟ್ಬೇಡಿ ಅಂದವ್ರೆ. ಬಾಯಿ ಮುಚ್ಕೊಳಿ ಅಂದಿಲ್ವಲ್ಲ!” ಎಂದಿದ್ದಳು ಮಹಮೂದಾ.

ಆ ಶುಕ್ರವಾರ ಪ್ರಾರ್ಥನೆ ಮುಗಿದದ್ದೇ ಹೆಡ್‌ಮಾಸ್ಟರು ಗುರುಶಾಂತಮ್ಮನನ್ನು ಕರೆದರು. ಬೆಳಗಿನಿಂದ ಮೂರು ಸಲ ಪೇಟ ಸರಿಮಾಡಿಕೊಂಡಿದ್ದರೂ ಅದು ಎಡಕ್ಕೇ ವಾಲುತ್ತಿತ್ತು.

“ನೋಡಮ್ಮ, ಇವತ್ತು ವಿದ್ಯಾಧಿಕಾರಿ ಸದಾಶಿವಯ್ಯನವರು ಇನ್‌ಸ್ಪೆಕ್ಷನ್ನಿಗೆ ಬರ್ತಾರೆ. ಕೇಂದ್ರಾನ ಅವರಿಗೆ ತೋರಿಸ್ಬೇಕು. ನಿನ್ನ ಬೆಂಚು ನೋಡಿದಾಗೆಲ್ಲ ಖಾಲಿ. ಸಾಹೇಬರು ಬಂದಾಗಲೂ ಖಾಲಿ ಇತ್ತೋ, ನಾಳೆ ಶನಿವಾರದ ಭಾಷಣ ನಿಂದೇ!”

ಗುರುಶಾಂತಮ್ಮನ ತಲೆ ಅಟ್ಟದ ಮೇಲೆ ಒಣಗಿದ ಕಾಯಿಯಂತಾಯಿತು. ಒಳಗಿನ ತಿರುಳು ಚಿಪ್ಪಿನಿಂದ ಬಿಟ್ಟು ಅಲ್ಲಾಡಿದರೆ ಲೊಟಲೊಟ ಎನ್ನುವ ಹಾಗೆ.

ಕೋಣೆಗೆ ಓಡಿ ಮಹಮೂದಾಳ ಕೈ ಹಿಡಿದುಕೊಂಡಳು. “ಒಬ್ಬರನ್ನಾದ್ರೂ ಈ ಕಡೆ ಕಳಿಸೇ!”

ಮಹಮೂದಾ ದೊಡ್ಡ ಮನಸ್ಸು ಮಾಡಿ ತನ್ನ ಸಾಲಿನಿಂದ ಎಂಟನೇ ಕ್ಲಾಸಿನ ಒಂದು ಹುಡುಗಿಯನ್ನು ದಾಟಿಸಿದಳು. ಅದಕ್ಕೆ ಹಸುವಿನ ಮೇಲೆ ಪ್ರಬಂಧ ಬೇಕಾಗಿತ್ತು. ಗುರುಶಾಂತಮ್ಮ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಗಂಟಲು ಸರಿಮಾಡಿಕೊಂಡಳು.

“ಯಾರಿಗೆ ಹೇಳ್ತಿದೀಯ?”

ಹುಡುಗಿ ಯೋಚಿಸಿತು. “ಹಸೂಗಾ ಅಕ್ಕ?”

“ಏನು ಹೇಳ್ಬೇಕು?”

“ಹಸು ಒಂದು ಸಾಕುಪ್ರಾಣಿ ಅಂತ.”

“ಅದು ಯಾಕೆ ಕೇಳ್ಬೇಕು?”

ಹುಡುಗಿಯ ಕಣ್ಣು ಅಗಲವಾದವು. “ಯಾಕೆ, ಹಸೂಗೆ ಗೊತ್ತಿಲ್ವಾ ಅಕ್ಕ?” ಅಂದಿತು. ಆಮೇಲೆ ಇನ್ನೂ ಅಗಲವಾದವು. ಪುಸ್ತಕ ಬಾಚಿಕೊಂಡು ಬಾಗಿಲಿಂದಾಚೆ ಓಡಿಯೇಹೋಯಿತು.

ಬೆಂಚು ಮತ್ತೆ ಖಾಲಿ. ಗುರುಶಾಂತಮ್ಮ ನಾಳೆಯ ಭಾಷಣದ ಮೊದಲ ವಾಕ್ಯ ಹುಡುಕತೊಡಗಿದಳು. ‘ಮಾನ್ಯ’ ಎಂಬಲ್ಲಿಗೇ ವಾಕ್ಯ ನಿಂತಿತು. ಆ ಹೊತ್ತಿಗೆ ಬಾಗಿಲಲ್ಲಿ ಬೆಳಕು ಮರೆಯಾಯಿತು.

“ಅರ್ಜಿ ಬರ್ಕೊಡೋದು ಇಲ್ಲೇಯೇನ್ರವ್ವಾ?”

ಭೂತಮ್ಮ! ಶಾಲೆಯ ಗೋಡೆಯಾಚೆಯ ಮನೆಯವಳು. ಅವಳ ಹಿತ್ತಲಿನಲ್ಲೊಂದು ತೆಂಗಿನಮರ. ಬೇರು ಭೂತಮ್ಮನ ಕಡೆ, ಸುಳಿ ಸರ್ಕಾರದ ಕಡೆ. ಚಿಕ್ಕಂದಿನಲ್ಲೇ ವಾಲಿ ಗೋಡೆ ದಾಟಿ, ಸರಿಯಾಗಿ ಕೊಬ್ಬರಿ ಕೋಣೆಯ ಬಾಗಿಲ ಮುಂದೆ ತಲೆ ಚಾಚಿ ನಿಂತಿತ್ತು. ಬಲಿತ ಕಾಯಿ ಉದುರಿದಾಗೆಲ್ಲ ಬೀಳುವುದು ಶಾಲೆಯೊಳಕ್ಕೆ. ಈ ಸೀಮೆಯಲ್ಲಿ ಬೇರೆಯವರ ಮರದ ಕಾಯಿ ನಮ್ಮ ಅಂಗಳಕ್ಕೆ ಬಿದ್ದರೆ ಗೋಡೆಯಾಚೆಗೆ ಎಸೆದು “ನಿಮ್ ಕಾಯಿ ಬಂತು ನೋಡ್ರೀ” ಎಂದು ಕೂಗುವುದು ಪದ್ಧತಿ. ಆದರೆ ಹೆಡ್‌ಮಾಸ್ಟರು ತೆಂಗು ಅಪರೂಪವಾದ ಪಾವಗಡದ ಕಡೆಯಿಂದ ಬಂದವರು. ಸರ್ಕಾರಿ ನೆಲದಲ್ಲಿ ಬಿದ್ದದ್ದು ಸರ್ಕಾರದ್ದು ಎಂದು ತೀರ್ಮಾನಿಸಿ, ಆ ಕಾಯಿಗಳನ್ನು ಆಫೀಸಿನಲ್ಲಿ ಪೇರಿಸಿ, ಶುಕ್ರವಾರಕ್ಕೊಂದರಂತೆ ಸರಸ್ವತಿ ಪೂಜೆಗೆ ಒಡೆಸುತ್ತಿದ್ದರು.

ಭೂತಮ್ಮ ಬಂದವಳೇ ಗುರುಶಾಂತಮ್ಮನ ಬೆಂಚಿನ ಮೇಲೆ ಕೂತಳು. ಬೆಂಚು ಕಿರ್ರೆಂದಿತು. ಗುರುಶಾಂತಮ್ಮನಿಗೆ ಅದು ಮಂಗಳವಾದ್ಯದಂತೆ ಕೇಳಿತು. ಬೆಂಚು ತುಂಬಿತು! ಬಾಯಿ ತಾನಾಗಿ ತೆರೆಯಿತು.

“ಯಾರಿಗೆ ಹೇಳ್ತಿದೀರ?”

“ಇವತ್ತು ಜೀಪಲ್ಲಿ ದೊಡ್ಡ ಸಾಹೇಬ್ರು ಬತ್ತಾರಂತಲ್ಲ, ಅವ್ರಿಗೆ.”

“ಏನು ಹೇಳ್ಬೇಕು?”

“ನಿಮ್ ಹೆಡ್‌ಮಾಷ್ಟ್ರು ಕಾಯಿ ಕಳ್ಳ ಅಂತ! ಬರಿ, ಬರಿ. ಪೇಟ ಸುತ್ಕಂಡ ಕಳ್ಳ ಅಂತ ಬರಿ. ಇವತ್ತು ಸರಸ್ವತಿ ಮುಂದೆ ಒಡೆದವ್ರಲ್ಲ, ಅದೂ ನನ್ ಕಾಯೇ ಅಂತ ಬರಿ.”

ಗುರುಶಾಂತಮ್ಮನ ಮಂಗಳವಾದ್ಯ ನಿಂತುಹೋಯಿತು. ಈಕೆಯನ್ನು ಎಬ್ಬಿಸಿ ಕಳಿಸಿದರೆ ಬೆಂಚು ಖಾಲಿ, ನಾಳೆ ಭಾಷಣ. ಕೂರಿಸಿಕೊಂಡರೆ ಹೆಡ್‌ಮಾಸ್ಟರ ಮೇಲೆ ಹೆಡ್‌ಮಾಸ್ಟರ ಕೇಂದ್ರದಲ್ಲೇ ಅರ್ಜಿ! ಮಹಮೂದಾಳ ಕಡೆ ನೋಡಿದಳು. ಆಕೆ ‘ನಮ್ಮ ರಾಷ್ಟ್ರೀಯ ಹಬ್ಬಗಳು’ ಹೇಳಿಕೊಡುವುದನ್ನು ನಿಲ್ಲಿಸಿ, ಬಾಯಿ ತೆರೆದು ಕೂತಿದ್ದಳು.

ಆಗ ಗುರುಶಾಂತಮ್ಮನಿಗೆ ಹೊಳೆಯಿತು. ನಿಯಮದ ಪ್ರಕಾರ ತಾನು ಪೆನ್ನು ಮುಟ್ಟುವ ಹಾಗಿಲ್ಲ. ಭೂತಮ್ಮನಿಗೆ ಬರೆಯಲು ಬರುವುದಿಲ್ಲ. ಎಂದ ಮೇಲೆ ಈ ಅರ್ಜಿ ಹುಟ್ಟುವುದಾದರೂ ಹೇಗೆ? ಸಾಹೇಬರು ಬಂದು ಹೋಗುವವರೆಗೆ ಪ್ರಶ್ನೆ ಕೇಳುತ್ತಾ ಇದ್ದರಾಯಿತು.

“ನಾವು ಬರಿಯೋ ಹಾಗಿಲ್ಲ ಅಜ್ಜಿ, ಕೇಳೋದಷ್ಟೇ. ಅವರು... ಅವರು ಯಾಕೆ ಕೇಳ್ಬೇಕು?”

“ಅಂದ್ರೆ?”

“ನೀವು ಹಿಂಗೆಲ್ಲ ಬೈದ್ರೆ ಸಾಹೇಬ್ರು ಯಾಕೆ ಕೇಳ್ಬೇಕು?”

ಭೂತಮ್ಮ ಎಲೆಯಡಿಕೆ ಚೀಲ ಬಿಚ್ಚಿ ಒಂದು ಚೂರು ಅಡಿಕೆ ಹಾಕಿಕೊಂಡು ನಿಧಾನವಾಗಿ ಅಗಿದಳು.

“ದಿಟ ಕಣವ್ವ. ಬೈದ್ರೆ ಯಾರು ತಾನೇ ಕೇಳ್ತಾರೆ? ನಮ್ ಯಜಮಾನ್ರು ಇರೋಗಂಟ ಬೈದೆ. ಒಂದಿನಾನೂ ಕೇಳ್ಲಿಲ್ಲ. ಇನ್ನೊಂದ್ ಸಲ ಕೇಳು, ಮೊದ್ಲಿಂದ.”

ಗುರುಶಾಂತಮ್ಮನಿಗೆ ತಬ್ಬಿಬ್ಬಾಯಿತು. ಇದುವರೆಗೆ ಯಾರೂ ಅವಳನ್ನು ಇನ್ನೊಂದು ಸಲ ಮಾತಾಡು ಎಂದಿರಲಿಲ್ಲ. ಆಗಲೇ ಕಿಟಕಿಯಲ್ಲಿ ಹೆಡ್‌ಮಾಸ್ಟರ ಪೇಟ ಕಾಣಿಸಿತು. ತುಂಬಿದ ಬೆಂಚು ನೋಡಿ ಅವರ ಮುಖ ಅರಳಿತು. ಕೂತವರು ಯಾರೆಂದು ನೋಡಿ ಬಾಡಿತು. ಒಂದು ಕೈಯಿಂದ ‘ಕಳಿಸು’ ಎಂಬಂತೆ ಬೀಸಿದರು. ದೂರದಲ್ಲಿ ಜೀಪಿನ ಹಾರನ್ ಕೇಳಿದ್ದೇ ‘ಕೂರಿಸು’ ಎಂಬಂತೆ ಒತ್ತಿದರು. ಮತ್ತೆ ಬೀಸಿದರು, ಮತ್ತೆ ಒತ್ತಿದರು. ದೂರದಿಂದ ನೋಡಿದವರಿಗೆ ಅವರು ರೊಟ್ಟಿ ತಟ್ಟುತ್ತಿದ್ದಾರೆ ಅನಿಸುತ್ತಿತ್ತು. ಕೊನೆಗೆ ಎರಡೂ ಕೈ ಜೋಡಿಸಿ ಮಾಯವಾದರು.

ಕಳಿಸಬೇಕೋ, ಕೂರಿಸಬೇಕೋ? ಏನೂ ತಿಳಿಯದೆ ಗುರುಶಾಂತಮ್ಮ ತನಗೆ ಬರುವ ಮೂರು ಪ್ರಶ್ನೆಗಳನ್ನೇ ಮತ್ತೆ ಕೇಳಿದಳು.

“ಯಾರಿಗೆ ಹೇಳ್ತಿದೀರ?”

“ಸಾಹೇಬ್ರಿಗೆ.”

“ಏನು ಹೇಳ್ಬೇಕು?”

“ನನ್ ಕಾಯಿ ನಂಗೆ ಸೇರ್ಬೇಕು.”

“ಅವರು ಯಾಕೆ ಕೇಳ್ಬೇಕು?”

“ಅದೇ ಯೋಚ್ನೆ ಮಾಡ್ತಿವ್ನಿ, ತಡಿ. ನನ್ ಕಾಯಿ ಯಾರ್ ತಿಂದ್ರೆ ಅವ್ರಿಗೇನು? ಅವ್ರಿಗೆ ಬೇಕಾದ್ದು ಇಸ್ಕೂಲು, ಮಕ್ಕಳು...”

ಆಗಲೇ ಹೊರಗೆ ‘ದಪ್!’ ಎಂದಿತು. ಬಾಗಿಲ ಮುಂದೊಂದು ಕಾಯಿ ಬಿದ್ದು ಉರುಳಿತು. ಬಾಗಿಲಾಚೆ ಕೂತು ಹಸುವಿನ ಬಗ್ಗೆ ಇನ್ನೂ ಯೋಚಿಸುತ್ತಿದ್ದ ಎಂಟನೇ ಕ್ಲಾಸಿನ ಹುಡುಗಿ ಕಿಟಾರನೆ ಕಿರುಚಿತು. ಕಾಯಿ ಅದರಿಂದ ಮಾರು ದೂರದಲ್ಲಿ ಬಿದ್ದಿತ್ತು.

“ತಲೆ!” ಎಂದಳು ಭೂತಮ್ಮ. ಅವಳ ಮುಖ ಬೆಳಗಿತು. “ತಲೆ ಕಣವ್ವ, ತಲೆ!”

ಹೀಗಿರುವಾಗ ವಿದ್ಯಾಧಿಕಾರಿಗಳು ಒಳಗೆ ಬಂದರು. ತುಂಬು ದೇಹ, ತಂಪು ಕನ್ನಡಕ. ಹಿಂದೆ ಹೆಡ್‌ಮಾಸ್ಟರು, ಗಲ್ಲಿಗೆ ಹೋಗುವವರ ಹಾಗೆ. ಸಾಹೇಬರು ಕನ್ನಡಕ ತೆಗೆದು ಬೆಂಚಿನ ಕಡೆ ನೋಡಿದರು. ಒಂದು ಬದಿಗೆ ತೊಡೆಯ ಕೆಳಗೆ ಕೈಯಿಟ್ಟು ಕೂತಿರುವ ಹುಡುಗಿ. ಇನ್ನೊಂದು ಬದಿಗೆ ಎಲೆಯಡಿಕೆ ಜಗಿಯುತ್ತಿರುವ ಅಜ್ಜಿ.

“ಭೇಷ್!” ಅಂದರು ಸಾಹೇಬರು. “ವಯಸ್ಕರ ಶಿಕ್ಷಣ ಮಾಡಿ ಮಾಡಿ ಅಂತ ಮೇಲಿಂದ ಎಷ್ಟು ಸುತ್ತೋಲೆ ಬಂದ್ರೂ ಒಬ್ರೂ ಮಾಡಿರ್ಲಿಲ್ಲ. ನೀವು ಸದ್ದಿಲ್ದೆ ಶುರು ಮಾಡಿಬಿಟ್ಟಿದೀರಲ್ರೀ!”

ಹೆಡ್‌ಮಾಸ್ಟರು ‘ಅಲ್ಲ’ ಎನ್ನಲು ಬಾಯಿ ತೆರೆದು, “ಹೌದು ಸಾರ್” ಎಂದು ಮುಚ್ಚಿದರು.

“ಏನು ಕಲೀತಿದೀಯಜ್ಜಿ?”

“ಅರ್ಜಿ ಸ್ವಾಮಿ. ದೊಡ್ಡ ಸಾಹೇಬ್ರಿಗೆ.”

“ಎಲ್ಲಿ, ಹೇಳು ನೋಡೋಣ.”

ಗುರುಶಾಂತಮ್ಮ ಕಣ್ಣು ಮುಚ್ಚಿಕೊಂಡಳು. ಈಗ ‘ಪೇಟ ಸುತ್ಕಂಡ ಕಳ್ಳ’ ಬರುತ್ತದೆ. ಹೆಡ್‌ಮಾಸ್ಟರೂ ಮುಚ್ಚಿಕೊಂಡರು. ಭೂತಮ್ಮ ಎದ್ದು ನಿಂತು, ಸೆರಗು ಸರಿಮಾಡಿಕೊಂಡಳು.

“ದೊಡ್ಡ ಸಾಹೇಬ್ರಿಗೆ ಭೂತಮ್ಮ ಮಾಡೋ ಅರ್ಜಿ. ನನ್ ಮರದ ಕಾಯಿ ಈ ಬಾಗ್ಲು ಮುಂದೆ ಬೀಳ್ತವೆ. ಅಲ್ಲಿ ಮಕ್ಕಳು ಓಡಾಡ್ತವೆ. ಸರಸ್ವತಿ ಇರೋ ತಲೆಗಳು ಸ್ವಾಮಿ, ಕಾಯಿ ಬಿದ್ರೆ ಏನಾಯ್ತದೆ? ನಾನು ಬಂದು ಬಂದು ಆಯ್ಕಂಡು ಹೋಗಕ್ಕೆ ಅಪ್ಪಣೆ ಆಗ್ಬೇಕು, ಮಕ್ಕಳು ಕ್ಷೇಮವಾಗಿರ್ಬೇಕು. ಇಷ್ಟೇ.”

ಹೆಡ್‌ಮಾಸ್ಟರು ಒಂದು ಕಣ್ಣು ತೆರೆದು, ತಾನಿನ್ನೂ ಕೆಲಸದಲ್ಲಿ ಇದ್ದೇನೆಂದು ಖಾತ್ರಿಯಾದ ಮೇಲೆ ಇನ್ನೊಂದನ್ನೂ ತೆರೆದರು.

“ಎಂಥಾ ಅರ್ಜಿ ರೀ! ಯಾರಿಗೆ, ಏನು, ಯಾಕೆ, ಮೂರೂ ಐತೆ. ನಮ್ಮ ಆಫೀಸಿನ ಗುಮಾಸ್ತರಿಗೂ ಹಿಂಗೆ ಬರಲ್ಲ. ಯಾರು ಕಲಿಸಿದ್ದು?” ಎಂದರು ಸಾಹೇಬರು.

“ಇದೇ ಕೂಸು. ಬಾಯಿ ಬಿಡಲ್ಲ, ಆದ್ರೆ ಬಿಡಿಸ್ತದೆ!”

ಸಾಹೇಬರು ಗುರುಶಾಂತಮ್ಮನ ಬೆನ್ನು ತಟ್ಟಿದರು. ಹೆಡ್‌ಮಾಸ್ಟರ ಕಣ್ಣಲ್ಲಿ ನೀರೇ ಬಂತು. ಗುರುಶಾಂತಮ್ಮನಿಗಂತೂ ನೆಲ ಸಿಗಲಿಲ್ಲ. ಬೆಂಚು ತುಂಬಿತು, ಅರ್ಜಿ ಗೆದ್ದಿತು, ಭಾಷಣ ತಪ್ಪಿತು!

ಸಂತೋಷದ ಭರದಲ್ಲಿ ಹೆಡ್‌ಮಾಸ್ಟರು ಒಂದು ಮಾತು ಹೆಚ್ಚಿಗೆ ಆಡಿದರು. “ಈ ಕಾಯಿ ಕಾಟವೇ ಬೇಡ ಸಾರ್. ಆ ಮರ ಕಡಿಸಿಬಿಟ್ರೆ...”

ಭೂತಮ್ಮ ಎದೆ ಹಿಡಿದುಕೊಂಡು ಕುಕ್ಕರಿಸಿದಳು. ಸಾಹೇಬರ ಮುಖ ಕೆಂಪಾಯಿತು. ಅವರು ಇದೇ ಸೀಮೆಯ ದಂಡಿನಶಿವರದವರು, ತೆಂಗಿನ ತೋಟದ ಮನೆತನ.

“ಏನ್ರೀ ಮಾತಾಡ್ತೀರ! ಫಲ ಬಿಡೋ ತೆಂಗಿನಮರಕ್ಕೆ ಕೊಡಲಿ ಹಾಕೋ ಮಾತು ಈ ಸೀಮೇಲಿ ಆಡ್ತಾರೇನ್ರೀ? ಮರ ಸರಿಸೋಕಾಗಲ್ಲ. ಬೆಂಚು ಸರಿಸಬಹುದಲ್ಲ?”

“ಎಲ್ಲಿಗೆ ಸಾರ್? ರೂಮೆಲ್ಲ ಭರ್ತಿ, ಜಗಲೀಲೂ ಎರಡು ಕ್ಲಾಸು ನಡೀತವೆ.”

ಸಾಹೇಬರು ಹೊರಗೆ ಬಂದು ಸುತ್ತ ನೋಡಿದರು. ಅವರ ಕಣ್ಣು ಮೈದಾನದ ನಡುವೆ ನಿಂತಿತು.

“ಅಗೋ, ಬಾವುಟದ ಕಟ್ಟೆ! ನಾಟಕ ಆಡುವಷ್ಟು ಅಗಲ ಐತೆ, ಮೇಲೆ ಒಂದು ಮರ ಇಲ್ಲ. ಇಂಥ ಕೆಲ್ಸಾನ ಕತ್ಲಲ್ಲಿ ಯಾಕ್ರೀ ಬಚ್ಚಿಡ್ತೀರ? ಅಲ್ಲಿ ಹಾಕಿ ಬೆಂಚು. ಇಡೀ ಶಾಲೆ ನೋಡಿ ಕಲೀಲಿ. ಪ್ರಶ್ನೆ ಮಾತ್ರ ಕೊನೇ ಸಾಲಿಗೂ ಕೇಳೋ ಹಂಗೆ ಜೋರಾಗಿ ಇರ್ಬೇಕು. ಏನಮ್ಮಾ?”

ಗುರುಶಾಂತಮ್ಮ ‘ಎಸ್ ಸಾರ್’ ಎಂದಳು. ಯಾರಿಗೂ ಕೇಳಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೆಂಚುಗಳು ಕಟ್ಟೆ ಹತ್ತಿದವು. ಬಿಸಿಲಲ್ಲಿ, ಎಲ್ಲಾ ಕ್ಲಾಸುಗಳ ಎಲ್ಲಾ ಕಿಟಕಿಗಳ ಎದುರು, ಗುರುಶಾಂತಮ್ಮ ತೊಡೆಯ ಕೆಳಗೆ ಕೈಯಿಟ್ಟುಕೊಂಡು ಕೂತಳು. ಭೂತಮ್ಮ ಮಡಿಲಲ್ಲಿ ಕಾಯಿ ತುಂಬಿಕೊಂಡು ಕೋಣೆಯ ಕಡೆಯಿಂದ ಬಂದವಳು ಕೆಳಗಿನಿಂದಲೇ ಕೂಗಿದಳು:

“ನಾಳೆ ಬತ್ತೀನಿ ಕಣವ್ವ! ದಾಯಾದಿಗಳ ಮೇಲೆ ಇನ್ನೊಂದು ಅರ್ಜಿ ಐತೆ, ಸ್ವಲ್ಪ ಉದ್ದದ್ದು!”

ಪಕ್ಕದಲ್ಲಿ ಕೂತ ಮಹಮೂದಾ ಕಿಟಕಿಗಳನ್ನು ಒಂದೊಂದಾಗಿ ನೋಡಿದಳು. ಗೆಳತಿಯ ಮುಖ ನೋಡಿದಳು. ಆಮೇಲೆ ಮೊದಲ ಸಲ ಪಿಸುದನಿಯಲ್ಲಿ ಹೇಳಿದಳು:

“ಭಾಷಣ ಆಗಿದ್ರೆ ಐದೇ ನಿಮಿಷ ಕಣೇ.”