ಊಟದ ಡಬ್ಬಿಯ ಹೆಸರಿಗೆ ನೋಂದಣಿಯಾದ ಹನ್ನೆರಡನೇ ಕುರ್ಚಿ

ಸಂಜೆ ತರಗತಿಗಳ ನೋಂದಣಿ ವಿಭಾಗ
ಸಂಖ್ಯೆ: ಸಂತನೋ/ಕಿಟಕಿ-೩/ಡಬ್ಬಿ/೧ (ಎರಡು ಸಲ ತಿದ್ದಿದ ಪ್ರತಿ)

ಸುತ್ತೋಲೆ

ವಿಷಯ: ಕೋರ್ಸ್ ಆಯ್ಕೆಯ ಸಾಲಿನಲ್ಲಿ ಜನರ ಬದಲು ವಸ್ತುಗಳು ನಿಲ್ಲುವ ಬಗ್ಗೆ, ಹಾಗೂ ಬರುವ ಗುರುವಾರ ಎರಡು ಮೊಹರುಗಳನ್ನು ಒಂದೇ ಏಟಿಗೆ ಒತ್ತುವ ಬಗ್ಗೆ.

ಉಲ್ಲೇಖ: (೧) ನೋಂದಣಿ ನಿಯಮ ೯, ೧೧ ಮತ್ತು ೧೪.
(೨) ಕಂಡಕ್ಟರಮ್ಮನವರ ಮನವಿ (ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದದ್ದು, ಒಟ್ಟು ಏಳು ಟಿಕೆಟ್).
(೩) ಸದರಿಯವರ ಅತ್ತೆಯವರ ಮೌಖಿಕ ಹೇಳಿಕೆ.

ಸುತ್ತೋಲೆ ಹೊರಡಿಸುವುದು ಅಧೀಕ್ಷಕರ ಕೆಲಸ. ಅವರು ಮಂಡಿನೋವಿನ ರಜೆಯಲ್ಲಿರುವುದರಿಂದ ಮೂರನೇ ಕಿಟಕಿಯ ಗುಮಾಸ್ತರು ಇದನ್ನು ಬರೆಯುವ ಧೈರ್ಯ ಮಾಡಿದ್ದಾರೆ. ಈ ಅಧಿಕಪ್ರಸಂಗಕ್ಕೆ ಮೊದಲಿಗೇ ಕ್ಷಮೆ ಕೋರಲಾಗಿದೆ. ಸದರಿ ಗುಮಾಸ್ತರು ಇದೇ ಸಂಜೆ ತರಗತಿಗಳಲ್ಲಿ ಓದಿದವರು. ಒಕ್ಕಣೆಯಲ್ಲಿ ತಪ್ಪು ಕಂಡವರು ಪೆನ್ಸಿಲಿನಿಂದ ಗುರುತು ಹಾಕಬಹುದು. ಪೆನ್ಸಿಲು ಕಿಟಕಿಗೆ ದಾರದಿಂದ ಕಟ್ಟಲ್ಪಟ್ಟಿದೆ.

ಪ್ರಸ್ತಾವನೆ:

ನೋಂದಣಿಯ ದಿನ ಸಾಲು ಬೆಳಗ್ಗೆ ಆರಕ್ಕೇ ಆರಂಭವಾಗುತ್ತದೆ, ಕಿಟಕಿ ತೆರೆಯುವುದು ಹನ್ನೊಂದಕ್ಕೆ. ಸಂಜೆ ತರಗತಿಯ ವಿದ್ಯಾರ್ಥಿಗಳೆಲ್ಲ ಹಗಲು ದುಡಿಯುವವರಾದ್ದರಿಂದ, ಸಾಲಿನಲ್ಲಿ ತಮ್ಮ ಜಾಗಕ್ಕೆ ಒಂದು ವಸ್ತುವನ್ನಿಟ್ಟು ಕೆಲಸಕ್ಕೆ ಹೋಗಿಬರುವ ಪದ್ಧತಿ ಮೊದಲಿನಿಂದಲೂ ಇದೆ. ವಸ್ತುವಿನ ಸರದಿ ಬಂದಾಗ ಹಿಂದೆ ಮುಂದೆ ನಿಂತವರು ಅದರ ಪರವಾಗಿ ಉತ್ತರಿಸುತ್ತಾರೆ. ಅರ್ಜಿಯನ್ನು ಗುಮಾಸ್ತರೇ ತುಂಬುತ್ತಾರೆ. ಈವರೆಗೆ ಹೆಲ್ಮೆಟ್ಟು, ಚೀಲ, ಒಂದು ಸಲ ಹೊಲಿಗೆ ಯಂತ್ರದ ಮೇಲ್ಭಾಗ ಸಹ ಯಾವ ತಕರಾರೂ ಇಲ್ಲದೆ ನೋಂದಣಿ ಪಡೆದಿವೆ.

ಕಂಡಕ್ಟರಮ್ಮನವರು ನಗರ ಬಸ್ಸಿನಲ್ಲಿ ಟಿಕೆಟ್ ಕೊಡುವವರು. ಪದವಿಗೆ ಅವರಿಗೆ ಉಳಿದಿರುವುದು ಸಂಖ್ಯಾಶಾಸ್ತ್ರ ಎರಡನೇ ಭಾಗ ಒಂದೇ. ಅದಕ್ಕೆ ಅರ್ಜಿ ಹಾಕಿದ ಮೊದಲ ವರ್ಷ ಹನ್ನೊಂದೇ ಜನ ಸೇರಿದ್ದರಿಂದ ತರಗತಿ ರದ್ದಾಯಿತು. ಮರುವರ್ಷ ಹನ್ನೆರಡು ಕುರ್ಚಿಗೆ ಅವರು ಹದಿಮೂರನೆಯವರಾದರು. ಅದರ ಮರುವರ್ಷ ಆ ತರಗತಿಯನ್ನು ಅವರ ಪಾಳಿಯ ಹೊತ್ತಿಗೇ ಸರಿಯಾಗಿ ಇಡಲಾಯಿತು. ಎಂಟು ವರ್ಷದೊಳಗೆ ಪದವಿ ಮುಗಿಯದಿದ್ದರೆ ಬರೆದ ಪರೀಕ್ಷೆಗಳೆಲ್ಲ ಬಿದ್ದುಹೋಗುತ್ತವೆ. ಇದು ಎಂಟನೆಯ ವರ್ಷ.

ಆ ದಿನ ಅವರು ಸಾಲಿನಲ್ಲಿ ತಮ್ಮ ಊಟದ ಡಬ್ಬಿಯನ್ನಿಟ್ಟು ಪಾಳಿಗೆ ಹೋದರು. ಸಂಜೆ ನಾಲ್ಕು ಐವತ್ತೆರಡಕ್ಕೆ ಡಬ್ಬಿಯ ಸರದಿ ಬಂತು. ಮೊದಲ ಭಾಗ ಪಾಸಾಗಿದೆಯೇ ಎಂದು ಗುಮಾಸ್ತರು ಕೇಳಿದ್ದಕ್ಕೆ, ಒಳ್ಳೇ ನಂಬರಿನಲ್ಲಿ ಎಂದು ಹಿಂದಿದ್ದ ಬೇಕರಿಯವರು ಹೇಳಿದರು. ಹೆಸರು ಕೇಳಿದ್ದಕ್ಕೆ, ಎಂಟು ವರ್ಷದಿಂದ ಕಂಡಕ್ಟರಮ್ಮ ಅಂತಲೇ ಕರೀತಿದ್ದೀವಿ, ಬೇರೆ ಹೆಸರು ಯಾರಿಗೆ ಗೊತ್ತು ಎಂದರು. ಐದಕ್ಕೆ ಕಿಟಕಿ ಮುಚ್ಚಬೇಕಿತ್ತು. ಗುಮಾಸ್ತರು ಡಬ್ಬಿಯನ್ನು ತಿರುಗಿಸಿ ನೋಡಲಾಗಿ, ಮುಚ್ಚಳದ ಮೇಲೆ ಪಾತ್ರೆ ಅಂಗಡಿಯವರು ಕೊರೆದಿದ್ದ ಹೆಸರೊಂದು ಕಂಡುಬಂತು. ಅದನ್ನೇ ಬರೆದುಕೊಂಡರು. ಬೇಕರಿಯವರು ಡಬ್ಬಿಯ ಪರವಾಗಿ ಸಹಿ ಹಾಕಿದರು.

ಅದು ಅತ್ತೆಯ ಡಬ್ಬಿ.

ಐದು ಹತ್ತಕ್ಕೆ ಕಂಡಕ್ಟರಮ್ಮನವರು ಓಡಿಬಂದರು. ದಿನವಿಡೀ ಊಟ ಮಾಡಿರಲಿಲ್ಲ, ಊಟ ಸಾಲಿನಲ್ಲಿತ್ತು. ರಸೀದಿ ನೋಡಿ ಅವರು ಕೂಗಾಡಲಿಲ್ಲ. "ಸಾರ್, ನಮ್ಮತ್ತೆ ನಾಲ್ಕನೇ ಕ್ಲಾಸು. ಅವರಿಗೆ ಸಂಖ್ಯಾಶಾಸ್ತ್ರ ಯಾಕೆ ಕೊಟ್ರಿ?" ಎಂದಷ್ಟೇ ಕೇಳಿದರು. ಈ ಪ್ರಶ್ನೆಯನ್ನು ಬಂದ ಪತ್ರಗಳ ಪುಸ್ತಕದಲ್ಲಿ ನಮೂದಿಸಿಕೊಳ್ಳಲಾಗಿದೆ.

ಹೆಸರು ತಿದ್ದಬಹುದಲ್ಲ ಎಂದು ಹಲವರು ಸಲಹೆ ನೀಡಿದ್ದಾರೆ. ನಿಯಮ ೧೪ರ ಪ್ರಕಾರ ತಿದ್ದುಪಡಿ ಎಂಬುದಿಲ್ಲ. ಒಬ್ಬರು ಬಿಡಬೇಕು, ಇನ್ನೊಬ್ಬರು ಸೇರಬೇಕು. ನಿಯಮ ೯ರ ಪ್ರಕಾರ ಹನ್ನೆರಡಕ್ಕಿಂತ ಕಡಿಮೆಯಾದ ಕ್ಷಣವೇ ತರಗತಿ ರದ್ದಾಗುತ್ತದೆ. ನಿಯಮ ೧೧ರ ಪ್ರಕಾರ ಕುರ್ಚಿಗಿಂತ ಹೆಚ್ಚು ಜನರನ್ನು ಸೇರಿಸುವಂತಿಲ್ಲ. ಆ ಕೋಣೆಯಲ್ಲಿರುವ ಕುರ್ಚಿಗಳು ಹನ್ನೆರಡು, ಅತ್ತೆಯವರನ್ನೂ ಸೇರಿಸಿ ನೋಂದಣಿಯಾದವರೂ ಹನ್ನೆರಡು. ಅಂದರೆ ಅತ್ತೆ ಮೊದಲು ಬಿಟ್ಟರೆ ಹನ್ನೊಂದು, ಸೊಸೆ ಮೊದಲು ಸೇರಿದರೆ ಹದಿಮೂರು. ಗುಮಾಸ್ತರು ಇದನ್ನು ನಾಲ್ಕು ದಿನ ಲೆಕ್ಕ ಹಾಕಿ ನೋಡಿದ್ದಾರೆ.

ಆದ್ದರಿಂದ ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ಸೂಚಿಸಲಾಗಿದೆ ಏನೆಂದರೆ:

೧. ಇನ್ನು ಮುಂದೆ ಸಾಲಿನಲ್ಲಿ ನಿಲ್ಲುವ ವಸ್ತುಗಳು ತಮ್ಮನ್ನು ಇಟ್ಟುಹೋದವರ ಹೆಸರನ್ನೇ ಹೊಂದಿರತಕ್ಕದ್ದು. ಎರವಲು ತಂದ ವಸ್ತುಗಳು ಸಾಲಿನಲ್ಲಿ ನಿಂತರೂ ನಿಂತಿಲ್ಲವೆಂದೇ ಪರಿಗಣಿಸಲಾಗುವುದು.

೨. ಊಟವಿರುವ ಡಬ್ಬಿಗಳನ್ನು ಮಧ್ಯಾಹ್ನ ಎರಡರೊಳಗೆ ಕಿಟಕಿಗೆ ಕರೆಯತಕ್ಕದ್ದು. ಹಳಸಿದ ನಂತರ ಬಂದ ಡಬ್ಬಿಯ ಅರ್ಜಿಯನ್ನು ಮುಚ್ಚಳ ತೆರೆಯದೆ ಸ್ವೀಕರಿಸತಕ್ಕದ್ದು.

೩. ತರಗತಿ ರದ್ದಾಗದಿರಲೆಂದು ಅತ್ತೆಯವರು ಈವರೆಗಿನ ಎಂಟು ತರಗತಿಗಳಿಗೂ ಹಾಜರಾಗಿದ್ದಾರೆ. ಇದನ್ನು ಕೃತಜ್ಞತೆಯಿಂದ ದಾಖಲಿಸಲಾಗಿದೆ. ಹಾಜರಿ ಕರೆದಾಗ ಅವರು "ಇದ್ದೀನಪ್ಪ" ಎನ್ನುವುದನ್ನು 'ಹಾಜರ್ ಸಾರ್' ಎಂದೇ ಭಾವಿಸತಕ್ಕದ್ದು.

೪. ಅತ್ತೆಯವರು ಕುಳಿತಿರುವುದರಿಂದ ಸೊಸೆಯವರಿಗೆ ಕುರ್ಚಿ ಇರುವುದಿಲ್ಲ. "ನಿಂತೇ ಕೇಳ್ತೀನಿ ಸಾರ್, ಬಸ್ಸಲ್ಲಿ ಎಂಟು ಗಂಟೆ ನಿಂತೇ ಇರ್ತೀನಿ" ಎಂಬ ಅವರ ಮನವಿಯನ್ನು (ಉಲ್ಲೇಖ ೨, ಐದನೇ ಟಿಕೆಟ್) ಪರಿಶೀಲಿಸಿ, 'ನಿಂತು ಕಲಿಯುವವರು' ಎಂಬ ಹೊಸ ವರ್ಗವನ್ನು ತಾತ್ಕಾಲಿಕವಾಗಿ ಸೃಜಿಸಲಾಗಿದೆ. ಈ ವರ್ಗದವರು ಬಾಗಿಲ ಹತ್ತಿರ ನಿಲ್ಲತಕ್ಕದ್ದು. ಅಭ್ಯಾಸಬಲದಿಂದ ಇತರ ವಿದ್ಯಾರ್ಥಿಗಳಿಗೆ ಒಳಗೆ ಸರಿಯಿರಿ ಎಂದು ಹೇಳತಕ್ಕದ್ದಲ್ಲ.

೫. ನಿಂತು ಕಲಿಯುವವರು ಪರೀಕ್ಷೆ ಬರೆಯಲು ಅರ್ಹರಲ್ಲ. ಕುಳಿತವರು ಮಾತ್ರ ಅರ್ಹರು. ಕುಳಿತವರಿಗೆ ಭಾಗಾಕಾರ ಬರುವುದಿಲ್ಲ.

೬. ಬಿಡುವ ಅರ್ಜಿಯಾಗಲಿ ಸೇರುವ ಅರ್ಜಿಯಾಗಲಿ, ಜಾರಿಗೆ ಬರುವುದು ಮೊಹರು ಬಿದ್ದ ಗಳಿಗೆಯಿಂದ. ಆದಕಾರಣ ಎರಡು ಮೊಹರುಗಳೂ ಒಟ್ಟಿಗೇ ಬಿದ್ದರೆ, ಹನ್ನೆರಡು ಹನ್ನೆರಡಾಗಿಯೇ ಉಳಿಯುತ್ತದೆ ಎಂದು ಗುಮಾಸ್ತರು ಅಭಿಪ್ರಾಯಪಟ್ಟಿದ್ದಾರೆ. ಇದನ್ನು ಅಲ್ಲಗಳೆಯುವ ನಿಯಮ ಕಪಾಟಿನಲ್ಲಿ ಸಿಕ್ಕಿಲ್ಲ. ಕಪಾಟಿನ ಕೆಳಗಿನ ಖಾನೆಯ ಬೀಗದ ಕೈ ಅಧೀಕ್ಷಕರಲ್ಲಿದೆ.

೭. ಅದರಂತೆ, ಕೋರ್ಸ್ ಬದಲಾವಣೆಯ ಕೊನೆಯ ದಿನವಾದ ಗುರುವಾರ ಸಂಜೆ ನಾಲ್ಕಕ್ಕೆ ಗುಮಾಸ್ತರು ಬಲಗೈಯಲ್ಲಿ 'ಸೇರಿದೆ', ಎಡಗೈಯಲ್ಲಿ 'ಬಿಟ್ಟಿದೆ' ಮೊಹರು ಹಿಡಿದು ಏಕಕಾಲದಲ್ಲಿ ಒತ್ತುವರು. ಆ ಹೊತ್ತಿನಲ್ಲಿ ಯಾರೂ ಫ್ಯಾನು ಹಾಕುವುದಾಗಲಿ, ಸೀನುವುದಾಗಲಿ, ಗುಮಾಸ್ತರಿಗೆ ಧೈರ್ಯ ಹೇಳುವುದಾಗಲಿ ಮಾಡತಕ್ಕದ್ದಲ್ಲ.

೮. ತಾಲೀಮಿಗಾಗಿ ಮುನ್ನೂರ ಹತ್ತು ಹಳೆಯ ಪ್ರಶ್ನೆಪತ್ರಿಕೆಗಳ ಮೇಲೆ ಒತ್ತಿ ನೋಡಲಾಗಿದೆ. ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿ ಸದ್ದು ಕೇಳುವ ಕೆಲಸವನ್ನು ಎರಡನೇ ಕಿಟಕಿಯ ಅಕ್ಕನವರು ವಹಿಸಿಕೊಂಡಿದ್ದಾರೆ. ಅವರ ವರದಿಯಂತೆ ಇನ್ನೂರ ಎಂಬತ್ತು ಸಲ ಎರಡು ಸದ್ದು ಕೇಳಿಸಿವೆ. ಎಡಗೈ ಹಿಂದೆ ಬೀಳುತ್ತದೆ. ಗುಮಾಸ್ತರು ಈಗ ಎಡಗೈಯಲ್ಲೇ ಊಟ ಮಾಡುತ್ತಿದ್ದಾರೆ.

೯. ಬಿಡುವ ಅರ್ಜಿಗೆ ಅತ್ತೆಯವರು ಸಹಿ ಹಾಕಿದ್ದಾರೆ. ಸಹಿ ಹಾಕುವ ಮುನ್ನ ಅವರು ತಮ್ಮ ಟಿಪ್ಪಣಿ ಪುಸ್ತಕವನ್ನು ತಿರುವಿ ನೋಡಿ, ಸರಾಸರಿ ಅಂದರೇನು ಎಂಬುದು ನಿನ್ನೆ ತಾನೇ ಹಿಡಿತಕ್ಕೆ ಸಿಕ್ಕಿತ್ತು ಎಂದರು. ಆಮೇಲೆ ಗುಮಾಸ್ತರನ್ನು ಕೇಳಿದರು: "ಅವಳು ಕೂತ್ಕೊಂಡ ಮೇಲೆ, ಬಾಗಿಲ ಹತ್ತಿರ ನಾನು ನಿಂತ್ಕೊಳ್ಳಬಹುದಾ?" ಕಂಡಿಕೆ ೪ರ ತಾತ್ಕಾಲಿಕ ವರ್ಗವನ್ನು ಈ ಮೂಲಕ ಖಾಯಂಗೊಳಿಸಲಾಗಿದೆ.

೧೦. ಇಷ್ಟೆಲ್ಲ ಆದರೂ, ಗುರುವಾರ ನಾಲ್ಕಕ್ಕೆ ಒಂದೇ ಸದ್ದು ಕೇಳಿಸುವುದೋ ಎರಡೋ ಎಂಬುದು ಈ ಕಚೇರಿಗೆ ತಿಳಿದಿಲ್ಲ.

(ಸಹಿ, ಎಡಗೈಯಿಂದ ಹಾಕಲಾಗಿದೆ)
ಮೂರನೇ ಕಿಟಕಿಯ ಗುಮಾಸ್ತರು
ಅಧೀಕ್ಷಕರ ಪರವಾಗಿ, ಅವರಿಗೆ ತಿಳಿಸದೆ

ಪ್ರತಿಗಳು:
೧. ಸಂಖ್ಯಾಶಾಸ್ತ್ರದ ಮೇಷ್ಟರಿಗೆ, ಗುರುವಾರದವರೆಗೆ ಹನ್ನೆರಡನ್ನು ಹನ್ನೆರಡೆಂದೇ ಎಣಿಸುವ ಕೋರಿಕೆಯೊಂದಿಗೆ.
೨. ಬೇಕರಿಯವರಿಗೆ, ಮುಂದೆ ಯಾವ ಪಾತ್ರೆಯ ಪರವಾಗಿಯೂ ಸಹಿ ಹಾಕದಿರಲು.
೩. ಎರಡನೇ ಕಿಟಕಿಯ ಅಕ್ಕನವರಿಗೆ, ಆ ದಿನ ಎರಡು ಕೇಳಿಸಿದರೂ ಒಂದೇ ಕೇಳಿಸಿತೆನ್ನಲು ಸಾಧ್ಯವೇ ಎಂಬುದನ್ನು ಪರಿಶೀಲಿಸಲು.
೪. ಕಂಡಕ್ಟರಮ್ಮನವರಿಗೆ, ಅತ್ತೆಯವರ ಮುಖಾಂತರ.
೫. ಅತ್ತೆಯವರಿಗೆ, ಡಬ್ಬಿಯ ಮುಖಾಂತರ. (ಡಬ್ಬಿಯನ್ನು ತೊಳೆದು ಹಿಂದಿರುಗಿಸಲಾಗಿದೆ.)
೬. ಕಚೇರಿ ಪ್ರತಿ.