ಬಲಗೈ ನಾನು, ಎಡಗೈ ಸುಮಿತ್ರಾ

ಸಲಹೆ ಕೊಡಲು ಬಂಡವಾಳ ಬೇಡವೆಂದೋ ಏನೋ, ನನ್ನಲ್ಲಿ ಅದರ ದಾಸ್ತಾನು ಯಾವತ್ತೂ ಖಾಲಿಯಾದದ್ದಿಲ್ಲ. ಬುಟ್ಟಿ ಹೊತ್ತು ಮನೆಮನೆಗೆ ಸ್ಟೀಲ್ ಲೋಟ ಮಾರಿ, ಆಮೇಲೆ ನರಸಿಂಹರಾಜಪುರದಲ್ಲಿ ಪಾತ್ರೆ ಅಂಗಡಿ ಹಾಕಿದವಳು ನಾನು. ಕುಕ್ಕರ್ ಕೊಳ್ಳಲು ಬಂದವರಿಗೆ ಸೊಸೆಯನ್ನು ಹೇಗೆ ನೋಡಿಕೊಳ್ಳಬೇಕೆಂಬುದನ್ನೂ ಹೇಳಿ ಕಳಿಸುತ್ತೇನೆ. ಹೋದ ಭಾನುವಾರದಿಂದ ಮಾತ್ರ ಪಾತ್ರೆ ಬಿಟ್ಟು ಬೇರೇನೂ ಕೊಡುತ್ತಿಲ್ಲ. ಮುಖ ಎತ್ತಲು ನಾಚಿಕೆ.

ನನಗೂ ಪಕ್ಕದ ಮನೆಯ ಸುಮಿತ್ರಾಳಿಗೂ ಪಿಯಾನೊ ಹುಚ್ಚು ಹಿಡಿಸಿದವರು ನಮ್ಮ ಬೀದಿಯ ಲೀನಾ ಟೀಚರ್. ಅವರು ಕಲಿಸಿದ್ದು ಯುರೋಪಿನ ಬರೋಕ್ ಕಾಲದ, ಮುನ್ನೂರು ವರ್ಷ ಹಳೆಯ ಒಂದು ಪುಟ್ಟ ರಚನೆ. ಎರಡು ಕೈಗೂ ಬೇರೆಬೇರೆ ರಾಗ. ಐವತ್ತು ದಾಟಿದ ನಮ್ಮ ಬೆರಳುಗಳಿಗೆ ಎರಡೂ ಒಟ್ಟಿಗೆ ಒಗ್ಗದ್ದರಿಂದ ಟೀಚರ್ ಪಾಲು ಮಾಡಿದರು: ಬಲಗೈಯದು ನನಗೆ, ಎಡಗೈಯದು ಸುಮಿತ್ರಾಳಿಗೆ. "ಇಬ್ಬರು ಮಾತಾಡಿದ ಹಾಗಿರಬೇಕು. ಒಬ್ಬರು ಹೇಳಿದ್ದನ್ನ ಇನ್ನೊಬ್ಬರು ಕೇಳಿಸ್ಕೊಂಡು ಉತ್ತರ ಕೊಡೋದು" ಎಂದರು.

ಎಷ್ಟು ವೇಗ, ಎಷ್ಟು ಜೋರು ಎಂದು ಹಾಳೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಆ ಕಾಲದವರು ಅದನ್ನು ನುಡಿಸುವವರ ವಿವೇಕಕ್ಕೇ ಬಿಡುತ್ತಿದ್ದರಂತೆ. ಬೆಲೆ ಅಂಟಿಸದ ಸಾಮಾನು ಕಂಡರೆ ನನಗಾಗುವ ಖುಷಿಯೇ ಬೇರೆ. ಇಡೀ ರಚನೆಯನ್ನು ಎರಡು ಸಲ ನುಡಿಸಬೇಕು, ಎರಡನೇ ಸಲ ಸ್ವರಗಳನ್ನು ಒಂದಿಷ್ಟು ನಡುಗಿಸಿ ಅಲಂಕಾರ ಸೇರಿಸಬಹುದು ಎಂದೂ ಟೀಚರ್ ಹೇಳಿದರು. ಬಿಟ್ಟಿ ಸಿಕ್ಕಿದ್ದನ್ನು ಒಂದಿಷ್ಟೇ ತೆಗೆದುಕೊಂಡು ಬರುವವಳೇ ನಾನು? ಸಿಕ್ಕಸಿಕ್ಕ ಸ್ವರವನ್ನೆಲ್ಲ ಚಳಿಜ್ವರ ಬಂದಂತೆ ನಡುಗಿಸಿದೆ. ಸುಮಿತ್ರಾಳಿಗೆ, "ನೋಡು ಮಾರಾಯ್ತಿ, ನೀನು ಮೆಲ್ಲಗೆ ನನ್ನ ಹಿಂದೆ ಬಾ, ಸಾಕು. ಜನ ಕೇಳೋದು ನನ್ನ ಕೈನೇ" ಎಂದು ಸಲಹೆಯನ್ನೂ ಕೊಟ್ಟೆ.

"ನಂದೂ ಒಂಚೂರು ಕೇಳಿಸ್ಲಿ ಅಕ್ಕ. ಭಾನುವಾರ ಟೀಚರ್ ಮನೇಲಿ ಎಲ್ರೆದುರು ನುಡಿಸುವಾಗ ಇವ್ರೂ ಬರ್ತಾರೆ" ಎಂದಳು.

ಇವರು ಎಂದರೆ ಗಂಡ ಶೇಖರಪ್ಪ. "ಈ ವಯಸ್ಸಲ್ಲಿ ನಿಂಗೆ ಎಂತಕ್ಕೆ ಇದು?" ಎಂದು ಗೊಣಗದೆ ಅವಳನ್ನು ಪಾಠಕ್ಕೆ ಕಳಿಸಿದವರಲ್ಲ. ಅವರೆದುರು ಚೆನ್ನಾಗಿ ನುಡಿಸಿದರೆ ಅವಳ ಪಾಠ ಉಳಿದೀತು. ಇಲ್ಲವಾದರೆ ಅಂದಿಗೇ ಕೊನೆ. ನನಗದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, "ಅದೆಲ್ಲ ನಾನು ನೋಡ್ಕೊಳ್ತೀನಿ" ಎಂದುಬಿಟ್ಟೆ.

ಭಾನುವಾರ ಸಂಜೆ ಟೀಚರ್ ಮನೆಯ ಹಾಲಿನಲ್ಲಿ ಹತ್ತಾರು ಜನ. ಮೊದಲ ಸಲ ಹೇಗೋ ಜೊತೆಜೊತೆಗೇ ಸಾಗಿದೆವು. ಎರಡನೇ ಸಲಕ್ಕೆ ನನ್ನ ಕೈ ಅಂಗಡಿಯಲ್ಲಿನ ನನ್ನ ಬಾಯಿಯಂತಾಯಿತು: ಎದುರಿನವರಿಗೆ ಯೋಚಿಸಲು ಬಿಡದೆ ವ್ಯಾಪಾರ ಮುಗಿಸುವ ಓಟ. ಕೊನೆಯ ಸ್ವರವನ್ನೂ ನಡುಗಿಸಿ, ಕೈ ಎತ್ತಿ, ಚಪ್ಪಾಳೆಗೆ ಮುಖ ತಿರುಗಿಸಿದೆ. ಯಾರೂ ತಟ್ಟಲಿಲ್ಲ. ಎಡಗೈ ಇನ್ನೂ ಮಾತಾಡುತ್ತಿತ್ತು.

ಸುಮಿತ್ರಾ ಗಾಬರಿಯಾಗಲಿಲ್ಲ. ಉಳಿದ ಸಾಲನ್ನು ತನ್ನದೇ ನಡಿಗೆಯಲ್ಲಿ, ಒಬ್ಬಳೇ ನುಡಿಸಿಕೊಂಡು ಹೋದಳು. ಇಷ್ಟು ದಿನ ಪಕ್ಕದಲ್ಲೇ ಕೂತು ಅಭ್ಯಾಸ ಮಾಡಿದ್ದರೂ ಆ ಸಾಲನ್ನು ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ನಾನು ಅರಚಿದ್ದನ್ನೇ ಅದು ಮೆಲ್ಲಗೆ, ಅರ್ಥವಾಗುವ ಹಾಗೆ ಹೇಳುತ್ತಿತ್ತು. ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ನಾನು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಕೂತಿದ್ದೆ.

ಚಪ್ಪಾಳೆ ಮುಗಿದ ಮೇಲೆ ಶೇಖರಪ್ಪ ನೆಟ್ಟಗೆ ನನ್ನ ಬಳಿ ಬಂದರು. "ಶಾಂತಕ್ಕ, ನೀವು ಮೊದ್ಲೇ ನಿಲ್ಸಿ ಇವಳಿಗೆ ಜಾಗ ಬಿಟ್ರಲ್ಲ, ಅದು ದೊಡ್ಡತನ ನೋಡಿ. ನಮ್ಮವಳು ಇಷ್ಟು ಚಂದ ಬಾರಿಸ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಇನ್ನು ಪಾಠ ತಪ್ಪಿಸ್ಬೇಡ ಅಂತ ನಾನೇ ಹೇಳಿದೀನಿ."

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಸುಮಿತ್ರಾ ನನ್ನನ್ನೇ ನೋಡುತ್ತಿದ್ದಳು.

"ಹೌದು ಶೇಖರಪ್ಪನವ್ರೇ, ಹಾಗೇ ಮಾಡುವ ಅಂತ ನಾನೇ ಅವಳಿಗೆ ಹೇಳಿಕೊಟ್ಟಿದ್ದು" ಎಂದಿತು ನನ್ನ ಬಾಯಿ.

"ಹೌದೌದು, ಎಲ್ಲ ಅಕ್ಕಂದೇ" ಎಂದಳು ಸುಮಿತ್ರಾ. ಅವಳು ನಕ್ಕಾದರೂ ನಕ್ಕಿದ್ದರೆ ನಾನು ಬಚಾವಾಗುತ್ತಿದ್ದೆ.